ಅರ್ಧ ಗಂಟೆ ಆದಮೇಲೆ ಗೇಮ್ ತೊದಲುತ್ತದೆ, ಹೊಸ ಲ್ಯಾಪ್‌ಟಾಪ್ ತಗೊಳ್ಳಲಾ?

ತಗೋಬೇಡಿ.

"ಮೊದಲ ಅರ್ಧ ಗಂಟೆ ಕುದುರೆ, ಆಮೇಲೆ ಎತ್ತಿನ ಗಾಡಿ" ಅಂತ ಬರೆದಿದ್ದೀರಲ್ಲ, ಆ ಒಂದು ಸಾಲು ಸಾಕಾಯಿತು ನನಗೆ. ಐ5 ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್, ಆಡುವುದು ಕುದುರೆ ಏರಿ ತಿರುಗುವ ಗೇಮು ರೆಡ್ ಡೆಡ್ ರಿಡೆಂಪ್ಷನ್ 2. ಕೆಳಗಿಡುವ ಫ್ಯಾನಿನ ಕೂಲಿಂಗ್ ಪ್ಯಾಡ್ ತರಲಾ, ಗೇಮ್ ಬೂಸ್ಟರ್ ಹಾಕಲಾ, ಇಲ್ಲಾ ಇದನ್ನು ಮಾರಿ 90 ಸಾವಿರದ್ದು ತಗೊಳ್ಳಲಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ಚಿತ್ರದುರ್ಗ ಅಂತ ಇರುವ ಕಡೆ ದಾವಣಗೆರೆ ಅಂತ ತಿದ್ದಿದರೆ ಅದು 2022ರ ನಾನೇ. ಅದೇ ಗೇಮು, ಅದೇ ಕಾರ್ಡು, ಅದೇ ಅರ್ಧ ಗಂಟೆ.

2020ರಲ್ಲಿ ಆನ್‌ಲೈನ್ ಕ್ಲಾಸು ಶುರುವಾದಾಗ ಅಮ್ಮ ಮಹಿಳಾ ಸಂಘದಲ್ಲಿ ಸಾಲ ಎತ್ತಿ 56 ಸಾವಿರಕ್ಕೆ ಲ್ಯಾಪ್‌ಟಾಪ್ ಕೊಡಿಸಿದರು. ವಾರಕ್ಕೊಂದು ಕಂತು. ಗೇಮ್ ಆಡುತ್ತೇನೆ ಅಂತ ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಈ ಗೇಮಿಗೆ 150 ಜಿಬಿ ಜಾಗ ಬೇಕು. ನನ್ನ ಮೊಬೈಲಿನಲ್ಲಿ ದಿನಕ್ಕೆ ಒಂದೂವರೆ ಜಿಬಿ. ಲೆಕ್ಕ ಹಾಕಿದರೆ 100 ದಿನ. ಹರಿಹರದಲ್ಲಿ ಮಾವನ ಮನೆಗೆ ವೈಫೈ ಇತ್ತು, ಎರಡು ದಿನ ಅಲ್ಲೇ ಉಳಿದು ಇಳಿಸಿಕೊಂಡು ಬಂದೆ. "ಪಾಪ, ಓದ್ಕೊಳ್ಳೋಕೆ ಬಂದಿದಾನೆ" ಅಂತ ಅತ್ತೆ ಎರಡು ಹೊತ್ತೂ ಬಿಸಿ ರೊಟ್ಟಿ ಹಾಕಿದರು.

ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ದಾವಣಗೆರೆಯವರಿಗೆ ಇಷ್ಟು ಹೇಳಿದರೆ ಸಾಕು. ನಿಮಗೆ ಹೇಳುತ್ತೇನೆ. ಒಲೆಗೆ ಭತ್ತದ ಹೊಟ್ಟು ಹಾಕಿ ಉರಿಸುತ್ತಾರೆ. ಬೆಳಗ್ಗೆ ಒಗೆದು ಹಾಕಿದ ಬಿಳಿ ಅಂಗಿ ಮಧ್ಯಾಹ್ನಕ್ಕೆ ಬೂದು ಬಣ್ಣ. ಅಂಗಿ ಮೇಲೆ ಕೂರುವ ಬೂದಿ ಲ್ಯಾಪ್‌ಟಾಪಿನ ಒಳಗೆ ಕೂರುವುದಿಲ್ಲವಾ? ಈ ಪ್ರಶ್ನೆ ನನ್ನ ತಲೆಗೆ ಎರಡು ವರ್ಷ ಬರಲೇ ಇಲ್ಲ. ಅದರ ಜೊತೆಗೆ ನನ್ನ ಗೇಮಿಂಗ್ ಟೇಬಲ್ ಅಂದರೆ ಹಾಸಿಗೆ, ಹಾಸಿಗೆ ಮೇಲೆ ಕಂಬಳಿ, ಕಂಬಳಿ ಮೇಲೆ ಲ್ಯಾಪ್‌ಟಾಪು. ಗಾಳಿ ಎಳೆದುಕೊಳ್ಳುವ ತೂತುಗಳು ಇರುವುದು ಕೆಳಗಡೆ! ಮಹಡಿ ಮೇಲಿನ ರೂಮು, ಏಪ್ರಿಲ್ ತಿಂಗಳು, ತಾರಸಿ ಅಂದರೆ ದೋಸೆ ಹುಯ್ಯಬಹುದು.

ಮೊದಲು ಸೆಕೆಂಡಿಗೆ 45 ಫ್ರೇಮು, ಅಂದರೆ 45 ಚಿತ್ರ, ಬರುತ್ತಿತ್ತು. ಅರ್ಧ ಗಂಟೆ ಕಳೆದರೆ 15. ಕುದುರೆ ಒಂದು ಹೆಜ್ಜೆ ಇಟ್ಟು ಯೋಚನೆ ಮಾಡಿ ಇನ್ನೊಂದು ಹೆಜ್ಜೆ ಇಡುತ್ತಿತ್ತು. ಡ್ರೈವರ್ ಬದಲಿಸಿದೆ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ. ಗೇಮ್ ಬೂಸ್ಟರೂ ಹಾಕಿದೆ. ಅದು ಹಿಂದೆ ಓಡುತ್ತಿರುವ ನಾಲ್ಕು ಆ್ಯಪ್ ಮುಚ್ಚುತ್ತದೆ, ಅಷ್ಟೇ. ಬಿಸಿ ಇಳಿಸುವ ಶಕ್ತಿ ಅದಕ್ಕಿಲ್ಲ. ಆಮೇಲೆ ಕ್ಲಾಸಿನ ಗೆಳೆಯನೊಬ್ಬ "ಧೂಳು ತುಂಬಿರುತ್ತೆ" ಅಂದ. ಅವನು ಹೇಳಿದ ರೋಗ ಸರಿ. ಮದ್ದು ನಾನೇ ಹುಡುಕಿಕೊಂಡೆ.

ಬೈಕಿನ ಏರ್ ಫಿಲ್ಟರಿಗೆ ಏನು ಮಾಡುತ್ತೇವೆ? ಪಂಕ್ಚರ್ ಅಂಗಡಿಗೆ ಹೋಗಿ ಗಾಳಿ ಹೊಡೆಸುತ್ತೇವೆ, ಅಲ್ವಾ. ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಪಿ.ಬಿ. ರಸ್ತೆಗೆ ಹೋದೆ. ಅಂಗಡಿಯ ಅಣ್ಣ ನನ್ನನ್ನೂ ಲ್ಯಾಪ್‌ಟಾಪನ್ನೂ ಒಂದು ಸಲ ನೋಡಿದರು. "ಎಷ್ಟು ಹಾಕ್ಲಿ? ಮುಂದಿನ ಗಾಲಿನಾ, ಹಿಂದಿಂದಾ?" ಅಂದರು. ಅಲ್ಲಿ ಕೂತಿದ್ದವರೆಲ್ಲ ನಕ್ಕರು. ನಾನೇ ಗನ್ ಇಸಿದುಕೊಂಡು, ಬಿಸಿ ಗಾಳಿ ಹೊರಗೆ ಬರುವ ಹಿಂದಿನ ತೂತಿಗೆ ಹಿಡಿದು ಒತ್ತಿದೆ. ಒಳಗಿಂದ ಕೀಂ ಅಂತ ಸಣ್ಣ ಸೈರನ್ ಥರ ಸದ್ದು. ಕೆಳಗಿನ ತೂತುಗಳಿಂದ ಬೂದಿ ಭುಸ್ಸೆಂದು ಎದ್ದಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಇನ್ನೂ ನಾಲ್ಕು ಸಲ ಹೊಡೆದೆ. ಪಾಪ, ಅವರು ದುಡ್ಡೂ ತಗೊಳ್ಳಲಿಲ್ಲ.

ಈ ಕೆಲಸದಲ್ಲಿ ಏನೇನು ತಪ್ಪಾಯಿತು ಅಂತ ಬಿಡಿಸಿ ಹೇಳುತ್ತೇನೆ. ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ನಾಳೆ ನೀವೂ ಯಾವುದೋ ಅಂಗಡಿ ಮುಂದೆ ನಿಂತಿರುತ್ತೀರಿ ಅಂತ ನನಗೆ ಅನುಮಾನ.

ಲ್ಯಾಪ್‌ಟಾಪಿನಲ್ಲಿ ಗಾಳಿ ಕೆಳಗಿಂದ ಒಳಗೆ ಬರುತ್ತದೆ. ಫ್ಯಾನು ಅದನ್ನು ತಾಮ್ರದ ಪೈಪಿನ ತುದಿಯಲ್ಲಿರುವ ತೆಳು ಲೋಹದ ಪಟ್ಟಿಗಳ ಕಡೆ ತಳ್ಳುತ್ತದೆ. ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿರುವ ಪಟ್ಟಿಗಳವು. ಬಿಸಿ ಆ ಸಂದಿಗಳಿಂದ ಹೊರಗೆ ಹೋಗಬೇಕು. ಕಸ ಸೇರುವುದು ಹೊರಗಡೆ ಅಲ್ಲ, ಫ್ಯಾನಿಗೂ ಪಟ್ಟಿಗೂ ನಡುವೆ, ಒಳಮೈಯಲ್ಲಿ. ಎರಡು ವರ್ಷಕ್ಕೆ ಅದು ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿರುತ್ತದೆ. ನಾನು ಹಿಂದಿನಿಂದ ಊದಿದಾಗ ಹೊರಗೆ ಬಂದದ್ದು ಮೇಲಿನ ಪುಡಿ ಮಾತ್ರ. ಗಟ್ಟಿ ಪದರ ಕಿತ್ತು ಫ್ಯಾನಿನ ರೆಕ್ಕೆಗೇ ಹೋಗಿ ಸಿಕ್ಕಿಕೊಂಡಿತು.

ಎರಡನೆಯದು ಆ ಕೀಂ ಸದ್ದು. ಅದು ಫ್ಯಾನಿನದು. ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ತಿರುಗುವ ಸಣ್ಣ ಫ್ಯಾನಿಗೆ ಲಾರಿ ಟೈರು ಉಬ್ಬಿಸುವ ಗಾಳಿ ಕೊಟ್ಟರೆ ಅದರ ಬೇರಿಂಗ್ ಉಳಿಯುತ್ತದಾ? ಇನ್ನೊಂದು ವಿಷಯ ನಿಮ್ಮ ಊರಿನವರಿಗೆ ಬೇಗ ಅರ್ಥವಾಗುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆಯಲ್ಲ, ಗಾಳಿ ರೆಕ್ಕೆ ತಿರುಗಿಸುತ್ತದೆ, ಕರೆಂಟು ಹುಟ್ಟುತ್ತದೆ. ಫ್ಯಾನಿನ ಮೋಟಾರನ್ನು ಹೊರಗಿನಿಂದ ಜೋರಾಗಿ ತಿರುಗಿಸಿದರೂ ಅದೇ ಆಗುತ್ತದೆ. ಆ ಕರೆಂಟು ವಾಪಸ್ ಬೋರ್ಡಿಗೆ ಹೋಗಬಹುದು. ಒಂದು ಬೆರಳಿಟ್ಟು, ಒಂದು ಕಡ್ಡಿ ತೂರಿಸಿ ಫ್ಯಾನನ್ನು ಅಲ್ಲಾಡದಂತೆ ಹಿಡಿದಿದ್ದರೆ ಈ ಎರಡೂ ಕಾಟ ಇರುತ್ತಿರಲಿಲ್ಲ. ಒಂದು ಕಡ್ಡಿ, ಸ್ವಾಮಿ!

ಮೂರನೆಯದು ನೀರು. ಕಂಪ್ರೆಸರಿನ ಟ್ಯಾಂಕಿನಲ್ಲಿ ಗಾಳಿಯನ್ನು ಒತ್ತಿ ತುಂಬಿದಾಗ ಗಾಳಿಯಲ್ಲಿದ್ದ ತೇವ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಅದಕ್ಕೇ ಟ್ಯಾಂಕಿನ ಕೆಳಗೆ ನೀರು ಬಿಡುವ ವಾಲ್ವು ಇರುತ್ತದೆ. ನೀರು ಬಿಡದೆ ಗನ್ ಒತ್ತಿದರೆ ಗಾಳಿ ಜೊತೆ ಸಣ್ಣ ಹನಿಗಳು, ಅದಕ್ಕಿಷ್ಟು ಆಯಿಲು. ಟೈರಿಗೆ ಅದರಿಂದ ಏನೂ ಆಗುವುದಿಲ್ಲ. ಬೋರ್ಡಿಗೆ ಆಗುತ್ತದೆ.

ಅವತ್ತು ಸಂಜೆ ಗೇಮು ಸ್ವಲ್ಪ ಚೆನ್ನಾಗಿಯೇ ಓಡಿತು. ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಎರಡು ದಿನಕ್ಕೆ ಫ್ಯಾನು ಗರಗರ ಅನ್ನಲು ಶುರು ಮಾಡಿತು. ಎಂಟನೇ ದಿನ ಪರದೆ ಕಪ್ಪಾಯಿತು, ಮತ್ತೆ ಆನ್ ಆಗಲಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಕೊಡಲು ಎರಡು ವಾರ ಇತ್ತು, ರಿಪೋರ್ಟು ಅದರೊಳಗೇ ಇತ್ತು. ವಾರಂಟಿ ಮುಗಿದು ವರ್ಷವಾಗಿತ್ತು. ರಿಪೇರಿಯವರು ಬಿಚ್ಚಿ, ಫ್ಯಾನಿನ ಪಕ್ಕದಲ್ಲಿ ನೀರು ಒಣಗಿದ ಕಲೆ ತೋರಿಸಿದರು. ಫ್ಯಾನು, ಬೋರ್ಡಿನ ಕೆಲಸ ಎಲ್ಲಾ ಸೇರಿ 10,400 ರೂಪಾಯಿ. ಅಮ್ಮನ ಸಂಘದ ಸಾಲ ತೀರಿ ಆಗಿನ್ನೂ ಎರಡು ತಿಂಗಳು. ಮತ್ತೆ ಎತ್ತಿದರು. ಬೈಯಲಿಲ್ಲ. "ಟೈರಿಗೆ ಹಾಕೋ ಗಾಳಿ ಅದಕ್ಯಾಕೆ ಹಾಕ್ಸಿದೆ?" ಅಂತ ಒಂದೇ ಸಲ ಕೇಳಿದರು. ಉತ್ತರ ಇರಲಿಲ್ಲ.

ರಿಪೇರಿಯವರು ನನ್ನೆದುರಿಗೇ ಕ್ಲೀನ್ ಮಾಡಿದರು. ಹಿಂದಿನ ಮುಚ್ಚಳ ಬಿಚ್ಚಿದರು, ಬ್ಯಾಟರಿಯ ವೈರ್ ತೆಗೆದರು, ಫ್ಯಾನನ್ನು ಬೆರಳಲ್ಲಿ ಹಿಡಿದರು, ಪೇಂಟ್ ಬ್ರಷ್ಷಿನಿಂದ ಆ ಕಂಬಳಿ ತುಂಡು ಎಬ್ಬಿಸಿದರು, ಚಿಪ್ಪಿನ ಮೇಲಿನ ಬಿಸಿ ದಾಟಿಸುವ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದರು. ಅರ್ಧ ಗಂಟೆಯೂ ಆಗಲಿಲ್ಲ. "ಮೊದ್ಲೇ ಬಂದಿದ್ರೆ ಐನೂರಲ್ಲಿ ಮುಗೀತಿತ್ತು" ಅಂದರು.

ಈಗ ನಿಮ್ಮ ವಿಷಯ. ನಿಮ್ಮ ಲ್ಯಾಪ್‌ಟಾಪಿಗೆ ಶಕ್ತಿ ಸಾಲದು ಅಂತ ನೀವು ತೀರ್ಮಾನ ಮಾಡಿಬಿಟ್ಟಿದ್ದೀರಿ. ಶಕ್ತಿ ಸಾಲದ ಲ್ಯಾಪ್‌ಟಾಪು ಮೊದಲ ನಿಮಿಷದಿಂದಲೇ ತೆವಳುತ್ತದೆ. ಅರ್ಧ ಗಂಟೆ ಓಡಿ ಆಮೇಲೆ ತೆವಳುವುದು ಸಾಮಾನ್ಯವಾಗಿ ಬಿಸಿಯ ಲಕ್ಷಣ. ಪ್ರೊಸೆಸರ್ 100 ಡಿಗ್ರಿ ಹತ್ತಿರ ಹೋದಾಗ ಸುಟ್ಟುಹೋಗದೇ ಇರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿ. ಯಾವ ಕಂಪನಿಯ ಲ್ಯಾಪ್‌ಟಾಪಿಗೂ ಆಗುತ್ತದೆ, ದುಡ್ಡು ಕೊಡಬೇಕಿಲ್ಲ. ಆಡುವಾಗ ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಡಿಗ್ರಿಯನ್ನೂ ಗಿಗಾಹರ್ಟ್ಸನ್ನೂ, ಅಂದರೆ ಬಿಸಿಯನ್ನೂ ವೇಗವನ್ನೂ, ತೋರಿಸುತ್ತದೆ. ನನ್ನದು 4 ಗಿಗಾಹರ್ಟ್ಸ್ ಹತ್ತಿರ ಇದ್ದದ್ದು ಅರ್ಧ ಗಂಟೆಗೆ 1.2ಕ್ಕೆ ಬಂದಿತ್ತು. ಅದನ್ನು ಮೊದಲೇ ನೋಡಿದ್ದರೆ ವಿಂಡೋಸ್ ಎರಡು ಸಲ ಹಾಕುತ್ತಿರಲಿಲ್ಲ.

ಕೂಲಿಂಗ್ ಪ್ಯಾಡ್ ಬೇಡ. ಒಳಗಿನ ದಾರಿಯೇ ಕಟ್ಟಿಕೊಂಡಿರುವಾಗ ಹೊರಗೆ ಫ್ಯಾನ್ ಇಟ್ಟು ಏನು ಮಾಡುತ್ತೀರಿ? ಗಟ್ಟಿ ಮೇಜಿನ ಮೇಲಿಡಿ, ಹಿಂದುಗಡೆ ಎತ್ತರಿಸಿ. ನಾನು ಎರಡೂ ಮೂಲೆಗೆ ಎರಡೆರಡು ಕೇರಂ ಕಾಯಿ ಇಟ್ಟೆ, ಈಗಲೂ ಅವೇ ಇವೆ.

ಮೊದಲು ಫ್ರೇಮಿಗೆ ಮಿತಿ ಹಾಕಿ, 40 ಅಥವಾ 30. ಮಿತಿ ಇಲ್ಲದಿದ್ದರೆ ಕಾರ್ಡು ಸುಮ್ನೆ ಕೈಲಾದಷ್ಟೂ ದುಡಿಯುತ್ತದೆ, ಬೆವರುತ್ತದೆ. ಸ್ಥಿರವಾದ 40, ಏರಿಳಿಯುವ 55ಕ್ಕಿಂತ ಕಣ್ಣಿಗೆ ಹಿತ, ಇದು ನನ್ನ ಹಟ. ವಿಂಡೋಸಿನ ಪವರ್ ಆಪ್ಷನ್ಸಿನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅಂತ ಇರುತ್ತದೆ, ಅದನ್ನು 100ರಿಂದ 99ಕ್ಕೆ ಇಳಿಸಿ. ಪ್ರೊಸೆಸರ್ ಮಾಮೂಲಿಗಿಂತ ವೇಗ ಏರಿಸಿಕೊಳ್ಳುವ ಟರ್ಬೊ ನಿಲ್ಲುತ್ತದೆ. ನನಗೆ 15 ಡಿಗ್ರಿ ಕಡಿಮೆಯಾಯಿತು, ಗೇಮಿನಲ್ಲಿ ಹೆಚ್ಚೇನೂ ಕಳೆದುಕೊಳ್ಳಲಿಲ್ಲ. ಕೆಲವು ಲ್ಯಾಪ್‌ಟಾಪಿನಲ್ಲಿ ಈ ಸಾಲೇ ಕಾಣುವುದಿಲ್ಲ, ಹಾಗಿದ್ದರೆ ಬಿಡಿ.

ಸೆಟ್ಟಿಂಗ್ ಎಲ್ಲವನ್ನೂ ಒಟ್ಟಿಗೆ ಲೋ ಮಾಡಬೇಡಿ. ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲ್ಮೈಯ ಚಿತ್ರ, ಮೇಲೇ ಇರಲಿ. ಅದು ಕೆಳಗಿಳಿದರೆ ಕುದುರೆ ಮಣ್ಣಿನ ಗೊಂಬೆ ಥರ ಕಾಣುತ್ತದೆ. ನೀರಿನ ಫಿಸಿಕ್ಸು, ಮಂಜು, ಪ್ರತಿಬಿಂಬ, ನೆರಳು ಇವನ್ನು ಇಳಿಸಿ, ಅಂಚುಗಳನ್ನು ನಯ ಮಾಡುವ ಎಂಎಸ್‌ಎಎ ಪೂರ್ತಿ ಆಫ್ ಮಾಡಿ. ಚಿತ್ರವನ್ನು ಸಣ್ಣದಾಗಿ ಬಿಡಿಸಿ ಆಮೇಲೆ ದೊಡ್ಡದು ಮಾಡಿ ಫ್ರೇಮು ಹೆಚ್ಚಿಸುವ ಡಿಎಲ್‌ಎಸ್‌ಎಸ್ ನಮ್ಮ ಕಾರ್ಡಿಗೆ ಬರುವುದಿಲ್ಲ, ಅದು ಆರ್‌ಟಿಎಕ್ಸ್‌ ಕಾರ್ಡಿನವರಿಗೆ. ಆದರೆ 2022ರಲ್ಲಿ ಈ ಗೇಮಿಗೆ ಅದೇ ಕೆಲಸ ಮಾಡುವ ಎಎಂಡಿ ಕಂಪನಿಯ ಎಫ್‌ಎಸ್‌ಆರ್ 2 ಬಂತು, ಅದು ನಮ್ಮ 1650ಕ್ಕೂ ಆಗುತ್ತದೆ. ಕ್ವಾಲಿಟಿ ಅಂತ ಇಟ್ಟುಕೊಳ್ಳಿ. ಚಾರ್ಜರ್ ಹಾಕದೆ ಆಡಬೇಡಿ, ಕಾರ್ಡಿಗೆ ಬೇಕಾದಷ್ಟು ವ್ಯಾಟ್ ಬ್ಯಾಟರಿ ಕೊಡುವುದಿಲ್ಲ.

ಖರ್ಚು ಮಾಡಲೇಬೇಕು ಅಂತ ಕೈ ತುರಿಸಿದರೆ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿ. ಈ ಗೇಮು ಕನಿಷ್ಠ ಕೇಳುವುದೇ 8, ಚೆನ್ನಾಗಿ ಓಡಲು 12 ಅಂತ ಅವರೇ ಹೇಳುತ್ತಾರೆ. ವಿಂಡೋಸ್ ತಿಂದು ಉಳಿದದ್ದರಲ್ಲಿ ಅದು ಹೇಗೆ ಬದುಕಬೇಕು? ರ‍್ಯಾಮ್ ಕಡ್ಡಿ ಒಂದೇ ಇದ್ದರೆ ಪ್ರೊಸೆಸರಿಗೆ ರ‍್ಯಾಮಿನ ಜೊತೆ ಒಂದೇ ಲೇನಿನ ರಸ್ತೆ, ಎರಡಾದರೆ ಎರಡು ಲೇನು. ಖಾಲಿ ಸ್ಲಾಟ್ ಇದೆಯಾ ಅಂತ ಮೊದಲು ನೋಡಿಸಿಕೊಳ್ಳಿ.

90 ಸಾವಿರದ್ದರ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಒಂದು ತಿಳಿದಿರಲಿ. ಒಂದೇ ಹೆಸರಿನ ಕಾರ್ಡು ಎಲ್ಲಾ ಲ್ಯಾಪ್‌ಟಾಪಿನಲ್ಲೂ ಒಂದೇ ಅಲ್ಲ. ಆರ್‌ಟಿಎಕ್ಸ್ 3050 ಒಂದರಲ್ಲಿ 35 ವ್ಯಾಟ್, ಇನ್ನೊಂದರಲ್ಲಿ 80 ವ್ಯಾಟ್. ಡಬ್ಬದ ಮೇಲೆ ಒಂದೇ ಹೆಸರು. ಹೊಸದನ್ನೂ ಅದೇ ಹಾಸಿಗೆ ಮೇಲೆ ಇಟ್ಟರೆ ಎರಡು ವರ್ಷಕ್ಕೆ ಮತ್ತೆ ಇದೇ ಪ್ರಶ್ನೆ ಕೇಳುತ್ತೀರಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಶುರುವಿನಲ್ಲಿ ಒಂದು ಸಲ, 40 ನಿಮಿಷಕ್ಕೆ ಒಂದು ಸಲ ಆ ಡಿಗ್ರಿ, ಗಿಗಾಹರ್ಟ್ಸ್ ಎರಡನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಡಿಗ್ರಿ 95 ದಾಟಿ ಗಿಗಾಹರ್ಟ್ಸ್ ಕುಸಿದಿದ್ದರೆ ಚೀಟಿ ಹಿಡಿದುಕೊಂಡು ರಿಪೇರಿ ಅಂಗಡಿಗೆ ಹೋಗಿ, "ನನ್ನೆದುರಿಗೇ ಬಿಚ್ಚಿ ಬ್ರಷ್ ಹಾಕಿ" ಅಂತ ಹೇಳಿ. ವಾರಂಟಿ ಇದ್ದರೆ ಕಂಪನಿಯವರ ಹತ್ತಿರವೇ ಮಾಡಿಸಿ. ದಾರಿಯಲ್ಲಿ ಬೈಕಿಗೆ ಗಾಳಿ ಹಾಕಿಸಬೇಕಿದ್ದರೆ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇರಲಿ. ನಾನು ಪಿ.ಬಿ. ರಸ್ತೆಯ ಅಂಗಡಿಗೆ ಈಗಲೂ ಹೋಗುತ್ತೇನೆ. "ಇವತ್ತು ಬರೀ ಬೈಕಾ?" ಅಂತಾರೆ ಆ ಅಣ್ಣ.