ಜಾವಾದಲ್ಲಿ ಬಸ್ ಆಬ್ಜೆಕ್ಟ್ ಪ್ರಿಂಟ್ ಮಾಡಿದರೆ ಊರಿನ ಹೆಸರು ಯಾಕೆ ಬರುವುದಿಲ್ಲ?

ಬಸ್ ಎಂಬ ಕ್ಲಾಸ್ ಬರೆದು, ಹೊರಡುವ ಊರು ಕಾಸರಗೋಡು, ಸೇರುವ ಊರು ಬದಿಯಡ್ಕ ಅಂತ ಹಾಕಿದ್ದೀರಿ ಅಂದುಕೊಳ್ಳಿ; ಅದು ಸರಿಯಾಗಿಯೇ ಇದೆ. ಪ್ರಿಂಟ್ ಮಾಡಿದಾಗ ‘ಬಸ್’, ಒಂದು @ ಗುರುತು, ಆಮೇಲೆ ಅರ್ಥವಾಗದ ಅಂಕಿ-ಅಕ್ಷರ ಬರುವುದು ದೋಷವಲ್ಲ. ಜಾವಾದ ಎಲ್ಲ ಕ್ಲಾಸುಗಳಿಗೂ ಮೂಲ ಆಬ್ಜೆಕ್ಟ್ ಎಂಬ ಕ್ಲಾಸ್. ಆಬ್ಜೆಕ್ಟನ್ನು ಬರಹವಾಗಿ ಕೊಡುವ ಅದರ ಟೂಸ್ಟ್ರಿಂಗ್ (toString) ಮೆಥಡ್‌ಗೆ ನಿಮ್ಮ ಬಸ್ಸಿನೊಳಗೆ ಏನಿದೆ ಅಂತ ಗೊತ್ತಿಲ್ಲ, ಹಾಗಾಗಿ ಅದು ಕ್ಲಾಸಿನ ಹೆಸರನ್ನೂ, ಆಬ್ಜೆಕ್ಟಿಗೆ ಜಾವಾ ಕೊಡುವ ಸಂಖ್ಯೆಯಾದ ಹ್ಯಾಶ್‌ಕೋಡನ್ನೂ ಜೋಡಿಸಿ ಕೊಡುತ್ತದೆ, ಅಷ್ಟೇ. ಕೆಲವರು ಅದನ್ನು ಮೆಮೊರಿ ವಿಳಾಸ ಅಂತಾರೆ, ಹಾಗೆ ನಂಬಬೇಡಿ.

ಬಸ್ ಕ್ಲಾಸಿನಲ್ಲೇ ಪಬ್ಲಿಕ್ ಆದ ಒಂದು ಟೂಸ್ಟ್ರಿಂಗ್ ಬರೆಯಿರಿ. ‘ಕಾಸರಗೋಡಿನಿಂದ ಬದಿಯಡ್ಕಕ್ಕೆ’ ಎಂದು ಎರಡು ಹೆಸರು ಸೇರಿಸಿದ ಸ್ಟ್ರಿಂಗ್ ಅನ್ನು ಅದು ರಿಟರ್ನ್ ಮಾಡಲಿ. ಅದರೊಳಗೇ ಪ್ರಿಂಟ್ ಮಾಡಬೇಡಿ, ಯಾಕೆಂದರೆ ಆ ಸ್ಟ್ರಿಂಗ್ ನಾಳೆ ಫೈಲಿಗೋ ಸ್ಕ್ರೀನಿನ ಬಟನ್‌ಗೋ ಬೇಕಾಗಬಹುದು, ಅಲ್ವಾ? ಪ್ರಿಂಟ್‌ಎಲ್ಎನ್ (println) ಈ ಮೆಥಡನ್ನು ತಾನಾಗಿ ಕರೆಯುತ್ತದೆ, ಪ್ಲಸ್ ಹಾಕಿ ಸ್ಟ್ರಿಂಗ್‌ಗೆ ಸೇರಿಸಿದರೂ ಹಾಗೆಯೇ.

ಈ ಮೆಥಡಿನ ಮೇಲಿನ ಸಾಲಿನಲ್ಲಿ ಓವರ್‌ರೈಡ್ ಗುರುತು (@Override) ಖಂಡಿತ ಹಾಕಿ; ಮೂಲ ಕ್ಲಾಸಿನ ಮೆಥಡನ್ನೇ ಬದಲಿಸಿ ಬರೆದಿದ್ದೀರಿ ಅಂತ ಅದು ಜಾವಾಕ್ಕೆ ಹೇಳುತ್ತದೆ. ಹೆಸರಿನ ನಡುವಿನ ದೊಡ್ಡ ಎಸ್ ಬದಲು ಚಿಕ್ಕದು ಬಿದ್ದರೆ ಜಾವಾ ಅದನ್ನು ಬೇರೆಯೇ ಮೆಥಡ್ ಅಂತ ತಿಳಿದು ಸುಮ್ನೆ ಬಿಡುತ್ತದೆ, ಔಟ್‌ಪುಟ್ ಹಳೆಯದೇ ಬರುತ್ತದೆ. ಗುರುತು ಇದ್ದರೆ ಕಂಪೈಲ್ ಮಾಡುವಾಗಲೇ ಎರರ್ ಬರುತ್ತದೆ.