ರಿಮೋಟ್‌ನಿಂದ ಓಡಿಸುವ ಆರ್‌ಸಿ ಕಾರಿನ ಟೈರ್ ಪದೇ ಪದೇ ಕಿತ್ತು ಬರುತ್ತಿದೆಯಾ? ಅಂಟು ಎಲ್ಲಿ ಉಳಿದಿದೆ ಅಂತ ಮೊದಲು ನೋಡಿ

ಪ್ರಶ್ನೆ: ಸರ್, ನನ್ನ ಹತ್ತಿರ 1/10 ಅಳತೆಯ (ನಿಜವಾದ ಗಾಡಿಯ ಹತ್ತನೇ ಒಂದರಷ್ಟು), ಬ್ರಷ್‌ಲೆಸ್ ಮೋಟರಿನ ಆರ್‌ಸಿ ಟ್ರಕ್ ಇದೆ. ಹೊಸ ಟೈರ್ ತರಿಸಿ ಫೆವಿಕ್ವಿಕ್ ಹಾಕಿ ಅಂಟಿಸಿದೆ. ಎರಡು ಬ್ಯಾಟರಿ ಓಡಿಸುವಷ್ಟರಲ್ಲಿ ಮುಂದಿನ ಬಲಗಡೆ ಟೈರ್ ರಿಮ್‌ನಿಂದ ಕಳಚಿಕೊಂಡಿತು. ಮತ್ತೆ ಅಂಟಿಸಿದೆ, ಮತ್ತೆ ಬಂತು. ಮೂರನೇ ಸಲ ಜಾಸ್ತಿ ಇರಲಿ ಅಂತ ಎರಡು ಟ್ಯೂಬ್ ಸುರಿದೆ. ಆದರೂ ನಿಲ್ಲಲಿಲ್ಲ. ಬೇರೆ ಯಾವ ಅಂಟು ತೆಗೆದುಕೊಳ್ಳಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಂಟು ಬದಲಾಯಿಸುವ ಮುಂಚೆ ಆ ಟೈರನ್ನು ಬೆಳಕಿಗೆ ಹಿಡಿದು ನೋಡಿ. ಕಿತ್ತು ಬಂದ ಜಾಗದಲ್ಲಿ ಒಣಗಿದ ಅಂಟು ಯಾವ ಕಡೆ ಉಳಿದಿದೆ? ರಿಮ್ ಮೇಲೋ, ರಬ್ಬರ್ ಮೇಲೋ? ಉತ್ತರ ಅಲ್ಲೇ ಇದೆ.

ಅಂಟೆಲ್ಲಾ ರಿಮ್ ಮೇಲೆ ಗಾಜಿನ ಹಾಗೆ ಹೊಳೆಯುತ್ತಾ ಕೂತಿದ್ದು, ಟೈರಿನ ಅಂಚು ಹೊಸದರಂತೆ ನುಣ್ಣಗಿದ್ದರೆ, ಅಂಟು ರಬ್ಬರನ್ನು ಹಿಡಿದೇ ಇಲ್ಲ ಎಂದರ್ಥ. ಅಚ್ಚಿನಿಂದ ಟೈರ್ ಸಲೀಸಾಗಿ ಬಿಡಲಿ ಎಂದು ಕಾರ್ಖಾನೆಯಲ್ಲಿ ಒಂದು ಜಾರುವ ದ್ರವ ಹಾಕಿರುತ್ತಾರೆ. ಅದರ ಪೊರೆ ಹೊಸ ಟೈರಿನ ಮೇಲೆ ಹಾಗೇ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನೀವು ಅಂಟಿಸಿದ್ದು ಆ ಪೊರೆಗೆ, ರಬ್ಬರಿಗಲ್ಲ. ಅಂಟು ರಬ್ಬರ್ ಮೇಲೆ ಉಳಿದು ರಿಮ್ ಬೋಳಾಗಿದ್ದರೆ ತಪ್ಪು ರಿಮ್ ಕಡೆಯದ್ದು. ನೈಲಾನ್ ರಿಮ್ ತುಂಬ ನಯವಾಗಿರುತ್ತದೆ, ಸ್ವಲ್ಪ ಒರಟು ಮಾಡದೆ ಅಂಟು ಕಚ್ಚುವುದಿಲ್ಲ. ಎರಡೂ ಕಡೆ ಅರ್ಧರ್ಧ ಹರಿದು ಉಳಿದಿದ್ದರೆ ಮಾತ್ರ ಅಂಟೇ ಸೋತಿದೆ. ಅದು ಹಳೆಯದಾಗಿರಬೇಕು, ಇಲ್ಲವೇ ಪದರ ದಪ್ಪವಾಗಿರಬೇಕು.

ನನ್ನ ಹತ್ತಿರ ಬರುವ ಟೈರುಗಳಲ್ಲಿ ಹೆಚ್ಚಿನವು ಮೊದಲನೇ ಜಾತಿಯವು. ಮೊನ್ನೆ ಒಬ್ಬ ಹುಡುಗ ತಂದ ಟೈರಿನ ಅಂಚನ್ನು ಉಗುರಿನಿಂದ ಎತ್ತಿದೆ. ಅಂಟಿನ ಪದರ ಮಾವಿನ ಸಿಪ್ಪೆಯ ಹಾಗೆ ಉದ್ದಕ್ಕೂ ಎದ್ದು ಬಂತು. ಅದರ ಕೆಳಗೆ ರಬ್ಬರ್ ಮಿರಮಿರ ಮಿಂಚುತ್ತಿತ್ತು. ಆ ಹುಡುಗ ಮೂರು ಬಗೆಯ ಅಂಟು ಕೊಂಡಿದ್ದ. ಒಂದು ಸಲವೂ ಟೈರ್ ತೊಳೆದಿರಲಿಲ್ಲ.

ಆದ್ದರಿಂದ ಮೊದಲು ತೊಳೆಯಿರಿ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಟೈರು, ರಿಮ್ ಎರಡನ್ನೂ ಉಜ್ಜಿ ಪೂರ್ತಿ ಒಣಗಿಸಿ. ಆಮೇಲೆ ಟೈರಿನ ಅಂಚನ್ನೂ, ರಿಮ್‌ನಲ್ಲಿ ಅದು ಕೂರುವ ಕಚ್ಚನ್ನೂ 220 ಅಥವಾ 320 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ. ಹೊಳಪು ಹೋಗಿ ಮಂಕಾದರೆ ಸಾಕು, ಕೆರೆದು ತೆಗೆಯಬೇಡಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ತೊಳೆಯಲು ಬಳಸುವುದು ಇದನ್ನೇ, ಅವರನ್ನು ಕೇಳಿದರೆ ಎಲ್ಲಿ ಸಿಗುತ್ತದೆ ಹೇಳುತ್ತಾರೆ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಬೇಡ. ಕೆಲವದರಲ್ಲಿ ಹರಳೆಣ್ಣೆ ಸೇರಿಸಿರುತ್ತಾರೆ, ಒರೆಸಿದ ಜಾಗಕ್ಕೇ ಮತ್ತೆ ಎಣ್ಣೆ ಹಚ್ಚಿದ ಹಾಗಾಗುತ್ತದೆ. ಒರೆಸಿದ ಮೇಲೆ ಆ ಅಂಚನ್ನು ಬೆರಳಿನಿಂದ ಮುಟ್ಟಬೇಡಿ. ನಮ್ಮ ಬೆರಳಲ್ಲೂ ಜಿಡ್ಡಿರುತ್ತದೆ.

ಈಗ ಅಂಟಿನ ವಿಷಯ. ಫೆವಿಕ್ವಿಕ್ ಆಗಲಿ, ಆರ್‌ಸಿ ಅಂಗಡಿಯಲ್ಲಿ ಸಿಗುವ ಟೈರ್ ಗ್ಲೂ ಆಗಲಿ, ಎರಡೂ ಸೂಪರ್ ಗ್ಲೂ ಅನ್ನುವ ಸಯನೊಅಕ್ರಿಲೇಟ್ ಜಾತಿಯವೇ. ಟೈರಿಗೆ ಬೇಕಾದದ್ದು ನೀರಿನ ಹಾಗೆ ತೆಳ್ಳಗಿನದು. ಸೂಜಿಯಂಥ ಮೂತಿ ಇದ್ದರೆ ಕೆಲಸ ಇನ್ನೂ ಸುಲಭ. ಈ ಅಂಟು ತೆಳು ಪದರದಲ್ಲಿ ಗಟ್ಟಿ, ದಪ್ಪ ಪದರದಲ್ಲಿ ಪೆಡಸು. ಮಡಚಿದರೆ ಲಟಕ್ಕನೆ ಮುರಿಯುತ್ತದೆ. ನೀವು ಎರಡು ಟ್ಯೂಬ್ ಸುರಿದದ್ದು ಇದಕ್ಕೇ ಉಪಯೋಗಕ್ಕೆ ಬರಲಿಲ್ಲ.

ಅಂಟು ಹಾಕುವ ಮುಂಚೆ ಟೈರಿನೊಳಗಿನ ಫೋಮ್ (ಸ್ಪಂಜಿನ ಬಳೆ) ಸರಿಯಾಗಿ ಕೂತಿದೆಯಾ, ಟೈರಿನ ಅಂಚು ಸುತ್ತಲೂ ಕಚ್ಚಿನೊಳಗೆ ಇಳಿದಿದೆಯಾ ನೋಡಿ. ಒಂದು ಕಡೆ ಹೊರಗೆ ಇಣುಕುತ್ತಿದ್ದರೆ ಅಲ್ಲೇ ಮೊದಲು ಕಿತ್ತು ಬರುತ್ತದೆ. ಪಂಕ್ಚರ್ ಅಂಗಡಿಯಿಂದ ಹಳೆಯ ಸೈಕಲ್ ಟ್ಯೂಬ್ ತಂದು ಎರಡು ಬೆರಳಗಲದ ಪಟ್ಟಿ ಕತ್ತರಿಸಿ. ಅದನ್ನು ಟೈರಿನ ಮೇಲೆ ಬಿಗಿಯಾಗಿ ಸುತ್ತಿ ಕಟ್ಟಿದರೆ ಅಂಚು ರಿಮ್‌ಗೆ ಒತ್ತಿಕೊಂಡು ಕೂರುತ್ತದೆ. ರಬ್ಬರ್ ಬ್ಯಾಂಡಿಗಿಂತ ಇದೇ ನನಗೆ ಇಷ್ಟ.

ಗಡಿಯಾರದ 12, 6, 3, 9 ಇರುವ ಜಾಗಗಳಲ್ಲಿ ಅಂಚನ್ನು ಹೆಬ್ಬೆರಳಿನಿಂದ ಸ್ವಲ್ಪ ಹಿಂದೆ ಸರಿಸಿ, ಒಂದೊಂದು ಹನಿ ಬಿಟ್ಟು, ಒತ್ತಿ ಹಿಡಿಯಿರಿ. ಈ ನಾಲ್ಕು ಹಿಡಿತ ಸಿಕ್ಕ ಮೇಲೆ ನಡುವಿನ ಜಾಗ ತುಂಬಿಸಿ. ತೆಳು ಅಂಟನ್ನು ಸಂದಿಗೆ ತಾಗಿಸಿದರೆ ಸಾಕು, ಅದು ತಾನೇ ಓಡುತ್ತದೆ. ಒದ್ದೆಯಾದ ಕಪ್ಪು ಗೆರೆ ರಿಮ್ ಸುತ್ತ ಸರ್ರನೆ ಹರಿಯುವುದು ಕಾಣುತ್ತದೆ. ಆ ಗೆರೆ ಎಲ್ಲಾದರೂ ನಿಂತರೆ ಅಲ್ಲಿ ಇನ್ನೊಂದು ಹನಿ. ಕಾಲು ಗಂಟೆ ಬಿಟ್ಟು ಚಕ್ರ ತಿರುಗಿಸಿ ಇನ್ನೊಂದು ಬದಿ ಮಾಡಿ. ರಿಮ್‌ನಲ್ಲಿ ಗಾಳಿ ಆಡುವ ತೂತು ಇದ್ದರೆ ಅದರೊಳಗೆ ಅಂಟು ಹೋಗದಿರಲಿ. ಟ್ರಕ್ ಓಡಿಸುವುದು ಮಾರನೇ ದಿನ. ಬೇಗ ಒಣಗಿಸುವ ಸ್ಪ್ರೇ ಹಾಕಬೇಡಿ, ಅಂಟು ಇನ್ನಷ್ಟು ಪೆಡಸಾಗುತ್ತದೆ.

ಇನ್ನು ಮುಂದಿನ ಬಲಗಡೆಯೇ ಯಾಕೆ ಅಂತ. ನೀವು ಜಾಸ್ತಿ ಎಡಕ್ಕೇ ತಿರುಗಿಸಿ ಓಡಿಸುತ್ತೀರಿ ಅಂತ ನನ್ನ ಊಹೆ. ಎಡಕ್ಕೆ ತಿರುಗುವಾಗ ಭಾರ ಬಲಗಡೆ ಚಕ್ರಕ್ಕೆ ಬೀಳುತ್ತದೆ. ನೆಲ ಟೈರನ್ನು ಒಳಕ್ಕೆ ಎಳೆಯುತ್ತದೆ, ರಿಮ್ ಹೊರಕ್ಕೆ ನುಗ್ಗುತ್ತದೆ. ಆಗ ಟೈರಿನ ಹೊರಬದಿಯ ಅಂಚು ಸುಲಿಯುತ್ತದೆ. ಹಾಗಾಗಿ ಹೊರಬದಿಗೆ ಅಂಟು ಹಾಕುವಾಗ ಇನ್ನಷ್ಟು ನಿಗಾ ಇರಲಿ. ಆಗಾಗ ಬಲಗಡೆ ಚಕ್ರ ಎಡಕ್ಕೆ, ಎಡಗಡೆಯದು ಬಲಕ್ಕೆ ಬದಲಿಸಿ. ಟೈರಿನ ಹಲ್ಲಿಗೆ ದಿಕ್ಕು ಇದ್ದರೆ ಮಾತ್ರ ಇದನ್ನು ಮಾಡಲು ಬರುವುದಿಲ್ಲ.

ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 11 ಸೆಂ.ಮೀ. ವ್ಯಾಸದ ಟೈರು ಗಂಟೆಗೆ 50 ಕಿ.ಮೀ. ವೇಗದಲ್ಲಿ ತಿರುಗುವಾಗ ಅದರ ಹೊರಮೈ ರಬ್ಬರು ತನ್ನ ತೂಕದ ಸುಮಾರು 350 ಪಟ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. ಅಂದರೆ 10 ಗ್ರಾಂ ರಬ್ಬರ್ ಮೂರೂವರೆ ಕೆ.ಜಿ. ಭಾರದಂತೆ ಎಳೆಯುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಒಂದು ಚಕ್ರ ಗಾಳಿಯಲ್ಲಿದ್ದು ಜೊತೆಯ ಚಕ್ರ ನೆಲಕ್ಕೆ ಕಚ್ಚಿ ನಿಂತಾಗ, ಡಿಫರೆನ್ಷಿಯಲ್ (ಎರಡು ಚಕ್ರಕ್ಕೂ ತಿರುಗುವಿಕೆ ಹಂಚುವ ಗೇರು) ಗಾಳಿಯಲ್ಲಿರುವ ಚಕ್ರವನ್ನು ಎರಡು ಪಟ್ಟು ವೇಗದಲ್ಲಿ ತಿರುಗಿಸುತ್ತದೆ. ಟೈರು ಬಲೂನಿನ ಹಾಗೆ ಉಬ್ಬುವುದು ಆಗಲೇ. ಪಲ್ಟಿಯಾಗಿ ಬಿದ್ದ ಟ್ರಕ್ಕಿಗೆ ಸುಮ್ನೆ ಥ್ರಾಟಲ್ ಕೊಡುವ ಚಟ ಇದ್ದರೆ ಬಿಡಿ. ಟೈರಿನ ಒಳಮೈಗೆ ನಾರು ಇರುವ ಪ್ಯಾಕಿಂಗ್ ಟೇಪನ್ನು ಎರಡು ಸುತ್ತು ಅಂಟಿಸಿದರೆ ಉಬ್ಬುವುದು ಬಹಳ ಕಡಿಮೆಯಾಗುತ್ತದೆ. ಅಂಟಿಸುವ ಮೊದಲೇ ಮಾಡಬೇಕಾದ ಕೆಲಸ ಇದು.

ಪ್ರಶ್ನೆ: ಕಲ್ಲಿಗೆ ತಾಗಿ ನನ್ನ ಆರ್‌ಸಿ ಬಗ್ಗಿ ಕಾರಿನ ಟೈರಿನ ಪಕ್ಕದ ಗೋಡೆ ಎರಡು ಸೆಂಟಿಮೀಟರ್ ಸೀಳಿದೆ. ಸೂಪರ್ ಗ್ಲೂ ಹಾಕಿದೆ, ಅದರ ಪಕ್ಕದಲ್ಲೇ ಹೊಸ ಸೀಳು ಬಂತು. ನಮ್ಮಲ್ಲಿ ಮಳೆಗಾಲದಲ್ಲಿ ಅಂಟಿಸಿದ ಜಾಗವೆಲ್ಲಾ ಬೆಳ್ಳಗಾಗುತ್ತದೆ. ಯಾಕೆ?
— ಓದುಗರು, ಮಂಗಳೂರು

ಉತ್ತರ: ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುವ ಜಾಗ. ಅಲ್ಲಿ ಪೆಡಸು ಅಂಟು ಹಾಕಿದರೆ ಅದು ಬಾಗುವುದಿಲ್ಲ, ಅದರ ಅಂಚಿನಲ್ಲಿ ರಬ್ಬರ್ ಹರಿಯುತ್ತದೆ. ನಿಮಗೆ ಆಗಿದ್ದು ಅದೇ. ಇಲ್ಲಿ ಸೈಕಲ್ ಪಂಕ್ಚರ್ ಹಾಕುವ ಕ್ರಮವೇ ಸರಿ. ಸೀಳು ಇರುವ ಬದಿಯ ಅಂಚನ್ನು ರಿಮ್‌ನಿಂದ ಬಿಡಿಸಿ, ಒಳಮೈಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ. ತೆಳು ಟ್ಯೂಬಿನ ತುಂಡಿಗೂ ಹಚ್ಚಿ. ಎರಡೂ ಐದು ಹತ್ತು ನಿಮಿಷ ಆರಲಿ. ಮುಟ್ಟಿದರೆ ಬೆರಳಿಗೆ ಮೆತ್ತದೆ ಬರೀ ಅಂಟಂಟು ಅನ್ನಿಸಬೇಕು, ಆಗ ಕೂರಿಸಿ ಬಲವಾಗಿ ಒತ್ತಿ. ಪ್ಯಾಚ್ ಸೀಳಿಗಿಂತ ಎಲ್ಲ ಕಡೆಯೂ ಒಂದು ಸೆಂಟಿಮೀಟರ್ ದೊಡ್ಡದಿರಲಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಆಮೇಲೆ ಅಂಚನ್ನು ಮೇಲೆ ಹೇಳಿದ ಹಾಗೆ ಮತ್ತೆ ಅಂಟಿಸಿ. ಸೀಳು ಅಂಚಿನವರೆಗೂ ಹೋಗಿದ್ದರೆ ಆ ಟೈರಿನ ಆಸೆ ಬಿಡಿ. ವೇಗದಲ್ಲಿ ಅದು ಒಡೆದು ಹಾರಿದರೆ ಪಕ್ಕದಲ್ಲಿ ನಿಂತವರ ಮುಖಕ್ಕೆ ಬಡಿಯಬಹುದು.

ಬಿಳುಪಿನ ವಿಷಯ. ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ನಿಮ್ಮ ಕರಾವಳಿಯ ಮಳೆಗಾಲದಲ್ಲಿ ತೇವ ಜಾಸ್ತಿ, ಅಂಟಿನ ಆವಿ ಗಾಳಿಯಲ್ಲೇ ಗಟ್ಟಿಯಾಗಿ ಸುತ್ತ ಬಿಳಿ ಬೂದಿಯಾಗಿ ಕೂರುತ್ತದೆ. ಹಿಡಿತಕ್ಕೆ ಇದರಿಂದ ತೊಂದರೆ ಇಲ್ಲ. ಕಡಿಮೆ ಅಂಟು ಹಾಕಿ, ಗಾಳಿ ಆಡುವ ಕಡೆ ಕೂತು ಮಾಡಿದರೆ ಬಿಳುಪು ಕಡಿಮೆಯಾಗುತ್ತದೆ. ಒಮ್ಮೆ ತೆರೆದ ಅಂಟಿನ ಬಾಟಲಿಯನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿ ಇಡಿ. ಫ್ರಿಜ್ಜಿನಲ್ಲಿಟ್ಟಿದ್ದರೆ ಹೊರಗೆ ತೆಗೆದ ತಕ್ಷಣ ಮುಚ್ಚಳ ತೆರೆಯಬೇಡಿ. ತಣ್ಣಗಿನ ಬಾಟಲಿಯೊಳಗೆ ನೀರಿನ ಹನಿ ಕೂತರೆ ಇಡೀ ಬಾಟಲಿ ಹಾಳು.

ಪ್ರಶ್ನೆ: ಮಗನ ಕಾರಿನ ಟೈರ್ ಸವೆದಿದೆ, ರಿಮ್ ಚೆನ್ನಾಗಿದೆ. ಹಳೆಯ ಟೈರ್ ಬಿಡಿಸಲು ಓವನ್‌ನಲ್ಲಿ ಇಡಬಹುದಂತೆ, ಹೌದಾ? ಮಗನಿಗೆ 11 ವರ್ಷ. ಅವನೇ ಅಂಟಿಸುತ್ತೇನೆ ಅಂತ ಹಟ ಮಾಡುತ್ತಿದ್ದಾನೆ.
— ತಂದೆ, ಬೆಂಗಳೂರು

ಉತ್ತರ: ಊಟ ಬೇಯಿಸುವ ಓವನ್‌ನಲ್ಲಿ ದಯವಿಟ್ಟು ಬೇಡ. ಬಿಸಿಗೆ ಅಂಟು ಬಿಡುವುದು ನಿಜ, ಆದರೆ ಕಣ್ಣು ಮೂಗು ಉರಿಸುವ ಹೊಗೆ ಬರುತ್ತದೆ, ರಿಮ್ ಸೊಟ್ಟಗೂ ಆಗಬಹುದು. ಅಸಿಟೋನ್ ಒಳ್ಳೆಯ ದಾರಿ. ಮೊದಲು ರಿಮ್‌ನ ಒಳಗಡೆ, ಕಾಣದ ಜಾಗದಲ್ಲಿ ಒಂದು ಹನಿ ಹಾಕಿ ಹತ್ತು ನಿಮಿಷ ನೋಡಿ. ನೈಲಾನ್ ತಡೆಯುತ್ತದೆ. ಬೇರೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗಿ ಕರಗುತ್ತವೆ. ಅಂಟಂಟಾದರೆ ಅಲ್ಲಿಗೇ ನಿಲ್ಲಿಸಿ. ತಡೆದುಕೊಂಡರೆ ಮುಚ್ಚಳ ಇರುವ ಸ್ಟೀಲ್ ಡಬ್ಬಿಯಲ್ಲಿ ಅಸಿಟೋನ್ ಹಾಕಿ ಚಕ್ರವನ್ನು ಒಂದು ದಿನ ಮುಳುಗಿಸಿಡಿ. ಅಂಚು ತಾನೇ ಸಡಿಲವಾಗುತ್ತದೆ. ಅಸಿಟೋನ್ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಅಡುಗೆಮನೆ, ದೇವರ ದೀಪ ಎರಡರಿಂದಲೂ ದೂರ, ಮನೆಯ ಹೊರಗೇ ಇಡಿ.

ಮಗ ಮಾಡಲಿ, ನೀವು ಪಕ್ಕದಲ್ಲೇ ಕೂತುಕೊಳ್ಳಿ. ತೊಳೆಯುವುದು, ಉಜ್ಜುವುದು, ಟ್ಯೂಬ್ ಪಟ್ಟಿ ಕಟ್ಟುವುದು ಎಲ್ಲಾ ಅವನ ಕೆಲಸ. ಅಂಟಿನ ಬಾಟಲಿ ಮಾತ್ರ ನಿಮ್ಮ ಕೈಯಲ್ಲಿರಲಿ. ಇಬ್ಬರೂ ಕನ್ನಡಕ ಹಾಕಿಕೊಳ್ಳಿ. ಚೆಲ್ಲಿದ ಅಂಟನ್ನು ಹತ್ತಿ ಬಟ್ಟೆಯಿಂದ ಒರೆಸಲೇಬೇಡಿ. ಹತ್ತಿಗೆ ಈ ಅಂಟು ತಾಗಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಬೆರಳು ಬೆರಳಿಗೆ ಅಂಟಿದರೆ ಎಳೆಯಬೇಡಿ. ಉಗುರು ಬೆಚ್ಚಗಿನ ಸೋಪುನೀರಿನಲ್ಲಿ ನೆನೆಸಿ ನಿಧಾನಕ್ಕೆ ಹೊರಳಿಸುತ್ತಾ ಬಿಡಿಸಿ. ಕಣ್ಣಿಗೆ ಸಿಡಿದರೆ ನೀರಿನಿಂದ ತೊಳೆದು ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಮಳೆಯಲ್ಲಿ ಓಡಿಸಿದ ಮೇಲೆ ಟ್ರಕ್ ಗಡಗಡ ನಡುಗುತ್ತದೆ. ಟೈರ್ ಅಲುಗಿಸಿದರೆ ಒಳಗೆ ನೀರು ಕುಲುಕುತ್ತದೆ. ಅಂಟು ಕಿತ್ತು ತೆಗೆಯಲೇಬೇಕಾ?
— ಓದುಗರು, ಶಿರಸಿ

ಉತ್ತರ: ಬೇಡ. ರಿಮ್‌ನ ತೂತಿನಿಂದ ನೀರು ಒಳಗೆ ಹೋಗಿ ಫೋಮ್ ಕುಡಿದಿದೆ. ಒಂದೇ ಕಡೆ ಭಾರವಾಗಿ ಚಕ್ರ ಕುಣಿಯುತ್ತಿದೆ. ಚಪ್ಪಲಿ ಹೊಲಿಯುವವರ ಹತ್ತಿರ ಬೆಲ್ಟಿಗೆ ತೂತು ಹಾಕುವ ಪಂಚ್ ಇರುತ್ತದೆ. ಟೈರಿನ ನೆಲ ಮುಟ್ಟುವ ಮೈಯಲ್ಲಿ, ಹಲ್ಲುಗಳ ನಡುವೆ, ಎದುರುಬದುರಾಗಿ ಮೂರು ನಾಲ್ಕು ಮಿಲಿಮೀಟರಿನ ಎರಡು ತೂತು ಹಾಕಿ. ಒಳಗೆ ಟೇಪ್ ಸುತ್ತಿದ್ದರೆ ಅದೂ ತೂತಾಗಬೇಕು. ರಿಮ್‌ನ ತೂತುಗಳನ್ನು ಟೇಪಿನಿಂದ ಮುಚ್ಚಿ. ಆಮೇಲೆ ಚಕ್ರ ತಿರುಗುವಾಗ ನೀರು ತಾನೇ ಹೊರಕ್ಕೆ ಎರಚಿ ಹೋಗುತ್ತದೆ. ಮನೆಗೆ ಬಂದ ಮೇಲೆ ಒಂದು ತೂತು ಕೆಳಗೆ ಬರುವಂತೆ ಚಕ್ರವನ್ನು ನಿಲ್ಲಿಸಿ ಎರಡು ದಿನ ಬಿಡಿ. ನಿಮ್ಮ ಕಡೆಯ ಆಷಾಢದ ಮಳೆಯಲ್ಲಿ ಎರಡು ದಿನ ಸಾಲದು. ಒಲೆಯ ಪಕ್ಕದಲ್ಲಿಟ್ಟರೆ ರಬ್ಬರ್ ಹಾಳಾಗುತ್ತದೆ, ಫ್ಯಾನಿನ ಕೆಳಗಿಡಿ.