ಪುಣೆಯಿಂದ ಜಿಎಂ ತರುವ ಮೊದಲು ಒಂದು ದಪ್ಪ ಪೀಸ್ ಕತ್ತರಿಸಿ ನೋಡಿ

ಚಿತ್ರದುರ್ಗದಲ್ಲಿ ರಬ್ಬರ್ ಮೋಲ್ಡಿಂಗ್ ಘಟಕ, ಅಣ್ಣ, ತಮ್ಮ, ಭಾವ ಮೂವರು ಪಾಲುದಾರರು, ಮೂವತ್ತು ಜನ ಕೆಲಸಗಾರರು. ಯಾರಿಗೆ ಯಾವ ಹುದ್ದೆ ಕೊಡಬೇಕು, ಪುಣೆಯಿಂದ ಅನುಭವಿ ಜನರಲ್ ಮ್ಯಾನೇಜರ್ (ಜಿಎಂ) ಒಬ್ಬರನ್ನು ತರಬೇಕಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ 2017ರ ನಮ್ಮ ಶೆಡ್ ಕಣ್ಮುಂದೆ ಬಂತು.

ನಮ್ಮದು ದಾವಣಗೆರೆ, ಕರೂರು ಕೈಗಾರಿಕಾ ಪ್ರದೇಶ. ಶುರು ಮಾಡಿದವರು ನಮ್ಮ ಯಜಮಾನರು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರು. ಅದು ಮುಚ್ಚಿದ ಮೇಲೆ ಬೇರೆಯವರಿಗೆ ಡೈ, ಅಂದರೆ ಅಚ್ಚು, ಮಾಡಿಕೊಡುತ್ತಾ ಇದ್ದು, ಆಮೇಲೆ ಸ್ವಂತಕ್ಕೆ, ರಬ್ಬರನ್ನು ಅಚ್ಚಿನಲ್ಲಿ ಒತ್ತಿ ಬೇಯಿಸುವ ಎರಡು ಪ್ರೆಸ್ ಹಾಕಿದರು. ಅಕ್ಕಿ ಗಿರಣಿಯ ಜರಡಿ ಕೆಳಗೆ ಕುಣಿಯುವ ರಬ್ಬರ್ ಚೆಂಡು, ಕಪ್ಲಿಂಗ್ ಬುಷ್, ಪಂಪಿನ ಗ್ಯಾಸ್ಕೆಟ್. ನಮ್ಮ ಕಡೆ ಅಕ್ಕಿ ಗಿರಣಿಗಳಿಗೇನು ಕಡಿಮೆ? ಕೆಲಸ ಬರುತ್ತಲೇ ಇತ್ತು. ನಾನು ಲೆಕ್ಕ ನೋಡಿಕೊಂಡಿದ್ದೆ. 2016ರಲ್ಲಿ ಅವರು ತೀರಿಕೊಂಡರು. ಎಂಟು ಪ್ರೆಸ್, ಬ್ಯಾಂಕ್ ಸಾಲ ಎಲ್ಲಾ ನನ್ನ ತಲೆ ಮೇಲೆ ಬಂತು.

ಆಗ ನಾನೂ ನಿಮ್ಮ ಹಾಗೆ ಹುದ್ದೆಗಳ ಪಟ್ಟಿ ಬರೆದೆ. ನಾನು ಮ್ಯಾನೇಜಿಂಗ್ ಡೈರೆಕ್ಟರ್. ಮೈದುನ ಆಪರೇಷನ್ಸ್ ಡೈರೆಕ್ಟರ್. ಕಾರ್ಡ್ ಪ್ರಿಂಟ್ ಮಾಡಿಸಿದೆವು. ದೊಡ್ಡ ಗ್ರಾಹಕರು ಬಂದರೆ ತೋರಿಸಲು ಗೋಡೆಗೆ ಒಂದು ಚಾರ್ಟ್ ಹಾಕಿದೆವು. ಕ್ವಾಲಿಟಿಗೆ ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗಿಯನ್ನು ತೆಗೆದುಕೊಂಡು, ಅವಳನ್ನು ಮೈದುನನ ಕೈಕೆಳಗೆ ಹಾಕಿದೆ. ಇದು ನಾನು ಮಾಡಿದ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಗ ಅದು ತಪ್ಪು ಅಂತ ಯಾರಿಗೂ ಅನ್ನಿಸಲಿಲ್ಲ. ಚಿಕ್ಕ ಕಾರ್ಖಾನೆ, ಒಳಗೆ ನಡೆಯುವುದನ್ನೆಲ್ಲ ಒಬ್ಬರೇ ನೋಡಲಿ ಅಂದುಕೊಂಡೆ.

ಇನ್ನೊಂದು ಕೆಲಸವನ್ನೂ ಮಾಡಿದೆ. ನಮ್ಮ ಮಿಕ್ಸಿಂಗ್ ಮಿಲ್ ಮೇಲೆ ಒಬ್ಬ ಅಜ್ಜ ಇದ್ದರು. ರಬ್ಬರ್, ಕಾರ್ಬನ್ ಬ್ಲ್ಯಾಕ್, ಜಿಂಕ್ ಆಕ್ಸೈಡ್ ಎಲ್ಲಾ ಎರಡು ರೋಲಿನ ನಡುವೆ ಹದವಾಗಿ ಬೆರೆತ ಮೇಲೆ, ಕೊನೆಗೆ ಗಂಧಕ ಹಾಕುವವರು ಅವರೇ. ಬೇಸಿಗೆಯಲ್ಲಿ ಕಾಂಪೌಂಡ್, ಅಂದರೆ ಆ ಬೆರೆಸಿದ ರಬ್ಬರ್, ಇಟ್ಟಲ್ಲೇ ಬೇಯಲು ಶುರುವಾದರೆ ಮುಟ್ಟಿಯೇ ಹೇಳುತ್ತಿದ್ದರು. ಯಜಮಾನರು ಇದ್ದಾಗ ಬೆಳಗ್ಗೆ ಒಂಬತ್ತಕ್ಕೆ ಅವರನ್ನು ನಿಲ್ಲಿಸಿಕೊಂಡು ಹತ್ತು ನಿಮಿಷ ಮಾತಾಡದೆ ಪ್ರೆಸ್ ಶುರು ಮಾಡಿಸುತ್ತಿರಲಿಲ್ಲ. ನಾನು ಮೀಟಿಂಗನ್ನು ಆಫೀಸ್ ಒಳಗೆ, ಕಂಪ್ಯೂಟರ್ ಮುಂದೆ ಇಟ್ಟೆ. ಅಜ್ಜನನ್ನು ಕರೆಯುವುದು ತಾನಾಗಿ ನಿಂತುಹೋಯಿತು.

ಹುಬ್ಬಳ್ಳಿ ಕಡೆಯ ಒಂದು ಕಂಪನಿಯಿಂದ 1,200 ಮೌಂಟ್ ಆರ್ಡರ್ ಬಂತು. ಜನರೇಟರ್ ಕೆಳಗೆ ಅದುರುವಿಕೆ ತಡೆಯಲು ಹಾಕುತ್ತಾರಲ್ಲ, ಮೇಲೆ ಕೆಳಗೆ ಉಕ್ಕಿನ ಪ್ಲೇಟು, ನಡುವೆ 40 ಮಿಲಿಮೀಟರ್ ರಬ್ಬರ್, ಅದು. ಒಂದು ಡೈಗೆ ನಾಲ್ಕು ಪೀಸ್. 150 ಡಿಗ್ರಿಯಲ್ಲಿ 25 ನಿಮಿಷ ಬೇಯಬೇಕು, ತೆಗೆದು ತುಂಬಲು ಇನ್ನೈದು ನಿಮಿಷ. ಹನ್ನೆರಡು ಗಂಟೆಗೆ 96 ಪೀಸ್. ಮೈದುನನಿಗೆ ನಾನು ಪೀಸ್ ಲೆಕ್ಕದಲ್ಲಿ ಬೋನಸ್ ಹೇಳಿದ್ದೆ. ಅವನು ಟೈಮರನ್ನು 18ಕ್ಕೆ ಇಳಿಸಿದ. 124 ಪೀಸ್ ಬರತೊಡಗಿತು. ಸಂಜೆ ಲೆಕ್ಕ ನೋಡಿ ನಾನು ಖುಷಿಪಟ್ಟೆ. ಹೇಗೆ ಜಾಸ್ತಿ ಆಯಿತು ಅಂತ ಕೇಳಲಿಲ್ಲ.

ರಬ್ಬರಿನ ಒಳಗೆ ಶಾಖ ಬೇಗ ಇಳಿಯುವುದಿಲ್ಲ. ಡೈಗೆ ತಾಗಿದ ಹೊರಮೈ ಮೊದಲು ಬೇಯುತ್ತದೆ, ನಡುಭಾಗ ಕೊನೆಗೆ. ಬೇಯುವುದು ಅಂದರೆ ಗಂಧಕ ರಬ್ಬರಿನ ಎಳೆಗಳನ್ನು ಒಂದಕ್ಕೊಂದು ಕಟ್ಟುವುದು. ಕಟ್ಟದೆ ಉಳಿದ ಕಡೆ ಭಾರ ಬಿದ್ದರೆ ರಬ್ಬರ್ ಕುಸಿಯುತ್ತದೆ, ಮತ್ತೆ ಮೇಲೆ ಏಳುವುದಿಲ್ಲ. ತೆಳು ಗ್ಯಾಸ್ಕೆಟ್‌ನಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. 40 ಮಿಲಿಮೀಟರ್ ಪೀಸಿನಲ್ಲಿ ಅದೇ ಎಲ್ಲಾ. ತೆಗೆದ ಮೇಲೂ ಆ ಬಿಸಿಯಲ್ಲಿ ಸ್ವಲ್ಪ ಬೇಯುತ್ತದೆ ಅಂತ ಮೈದುನ ವಾದ ಮಾಡಿದ. ಅದು ಸುಳ್ಳಲ್ಲ. ಆದರೆ ಅದನ್ನೇ ನಂಬಿ ಏಳು ನಿಮಿಷ ಕಡಿಯುವ ಹಾಗಿಲ್ಲ.

ಪರೀಕ್ಷೆ ಮಾಡಲಿಲ್ವಾ ಅಂತ ನೀವು ಕೇಳಬಹುದು. ಮಾಡಿದೆವು. ಡ್ರಾಯಿಂಗ್‌ನಲ್ಲಿ ರಬ್ಬರಿನ ಗಡಸುತನ ಶೋರ್ ಎ ಅನ್ನುವ ಅಳತೆಯಲ್ಲಿ 60, ಐದು ಹೆಚ್ಚು ಕಡಿಮೆ ಇರಬಹುದು ಅಂತ ಇತ್ತು. ಮೀಟರ್ 58, 59 ತೋರಿಸುತ್ತಿತ್ತು. ಆ ಮೀಟರಿನ ಮೊನೆ ಇರುವುದೇ ಎರಡೂವರೆ ಮಿಲಿಮೀಟರ್. ಹೊರಮೈಯನ್ನು ಒತ್ತಿ ನೋಡುತ್ತದೆ ಅಷ್ಟೇ. ಇಪ್ಪತ್ತು ಮಿಲಿಮೀಟರ್ ಒಳಗೆ ಏನಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಎರಡು ತಿಂಗಳ ಮೇಲೆ ಫೋನ್ ಬಂತು. ಜನರೇಟರ್‌ಗಳು ಒಂದು ಕಡೆಗೆ ವಾಲುತ್ತಿವೆ. ವಾಪಸ್ ಬಂದ ಒಂದು ಮೌಂಟನ್ನು ಬ್ಯಾಂಡ್‌ಸಾದಲ್ಲಿ ಅಡ್ಡಲಾಗಿ ಕತ್ತರಿಸಿದೆವು. ನಡುವೆ ಜೇನುಗೂಡಿನ ಹಾಗೆ ತೂತು, ಬೆರಳಿಗೆ ಅಂಟುವಷ್ಟು ಮೆತ್ತಗೆ. ಅಜ್ಜ ಅದನ್ನು ಮೂಸಿ ನೋಡಿ, "ಅವ್ವಾ, ಮುದ್ದೆ ಮ್ಯಾಲೆ ಬೆಂದೈತಿ, ಒಳಗೆ ಹಸಿ ಹಿಟ್ಟು ಐತಿ" ಅಂದರು. ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳಿದೆ. "ಯಾರಿಗೆ ಹೇಳ್ಲಿ?" ಅಂದರು.

ಅವತ್ತು ರಾತ್ರಿ ಕ್ವಾಲಿಟಿ ರಿಜಿಸ್ಟರ್ ತೆಗೆದು ನೋಡಿದೆ. ಆ ಹುಡುಗಿ ಹತ್ತೂ ದಿನ ಬರೆದಿದ್ದಳು: ಮೂರನೇ ಪ್ರೆಸ್, ಸಮಯ 25 ಬದಲು 18. ಕೆಳಗೆ ಸಹಿ. ಆ ಪುಸ್ತಕ ದಿನಾ ಹೋಗುತ್ತಿದ್ದದ್ದು ಮೈದುನನ ಟೇಬಲ್‌ಗೆ. ಸಮಯ ಇಳಿಸಿದವನೇ ಅದನ್ನು ಓದಿ ಸಹಿ ಹಾಕಬೇಕಿತ್ತು. ಅಂಥ ದಾರಿ ಹಾಕಿಕೊಟ್ಟವಳು ನಾನು. ನನ್ನ ಮೈದುನ ಮೋಸಗಾರ ಅಲ್ಲ, ಇವತ್ತಿಗೂ ಅವನಷ್ಟು ದುಡಿಯುವವರು ನಮ್ಮಲ್ಲಿಲ್ಲ. ಆದರೆ ಜಾಸ್ತಿ ಪೀಸ್ ಮಾಡು ಅಂತಲೂ ಅವನಿಗೇ ಹೇಳಿ, ಬೇಡ ಅನ್ನುವ ಕೆಲಸವನ್ನೂ ಅವನಿಗೇ ಕೊಟ್ಟಿದ್ದೆ. 1,200 ಪೀಸ್ ಮತ್ತೆ ಮಾಡಿಕೊಟ್ಟೆವು. ಹೊಸ ಪ್ಲೇಟು, ಲಾರಿ ಬಾಡಿಗೆ ಎಲ್ಲಾ ಸೇರಿ 5.5 ಲಕ್ಷ ಹೋಯಿತು. ಆ ಗ್ರಾಹಕರು ಒಂದು ವರ್ಷ ಈ ಕಡೆ ತಿರುಗಿ ನೋಡಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಮನೆಯವರಾ ಹೊರಗಿನವರಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪುಣೆಯವರು ಬಂದು ನಮ್ಮ ಚಾರ್ಟಿನಲ್ಲಿ ಮೈದುನನ ಜಾಗದಲ್ಲಿ ಕೂತಿದ್ದರೂ ಇದೇ ಆಗುತ್ತಿತ್ತು. ನಿಮ್ಮ ಮೂವರಲ್ಲಿ ಉತ್ಪಾದನೆ ಯಾರು ನೋಡುತ್ತಾರೋ, ಕ್ವಾಲಿಟಿ ಅವರ ಕೆಳಗೆ ಬೇಡ. ನೇರವಾಗಿ ಇನ್ನೊಬ್ಬ ಪಾಲುದಾರರಿಗೆ ವರದಿ ಮಾಡಲಿ. ಆ ಪಾಲುದಾರರಿಗೆ ಪೀಸ್ ಲೆಕ್ಕದ ಲಾಭ ಇರಬಾರದು. ಕ್ವಾಲಿಟಿಯವರು ಪ್ರೆಸ್ ನಿಲ್ಲಿಸಿ ಅಂದರೆ ನಿಲ್ಲಬೇಕು, ಯಾರ ಒಪ್ಪಿಗೆಯೂ ಬೇಕಿಲ್ಲ. ಇದನ್ನು ಕಾಗದದಲ್ಲಿ ಬರೆದು, ಎಲ್ಲರ ಮುಂದೆ ಓದಿ. ನಾಳೆ ನೀವು ವಾಹನದ ಬಿಡಿಭಾಗ ಮಾಡಲು ಹೊರಟರೆ ಐಎಟಿಎಫ್ 16949 ಅನ್ನುವ, ವಾಹನ ಉದ್ಯಮದ ಗುಣಮಟ್ಟದ ಪ್ರಮಾಣಪತ್ರ ಕೇಳುತ್ತಾರೆ. ಅದರಲ್ಲೂ ಇದೇ ಇದೆ: ಗುಣಮಟ್ಟದ ಹೊಣೆ ಹೊತ್ತವರಿಗೆ ಉತ್ಪಾದನೆ ನಿಲ್ಲಿಸುವ, ಮಾಲು ಕಳಿಸುವುದನ್ನು ತಡೆಯುವ ಅಧಿಕಾರ ಇರಬೇಕು. ಅಂಥವರು ಎಲ್ಲಾ ಶಿಫ್ಟಿನಲ್ಲೂ ಇರಬೇಕು.

ಎರಡನೆಯದು, ಕಾಂಪೌಂಡ್ ಬೆರೆಸುವವರಿಗೂ ಡೈ ರಿಪೇರಿ ಮಾಡುವವರಿಗೂ ನಿಮ್ಮ ಬೆಳಗಿನ ಮಾತುಕತೆಯಲ್ಲಿ ಕುರ್ಚಿ ಇರಲಿ. ಅವರು ಎಷ್ಟು ಓದಿದ್ದಾರೆ ಅಂತ ನೋಡಬೇಡಿ. ನಮ್ಮ ಕಸುಬಿನಲ್ಲಿ ಗ್ರಾಹಕರ ಡ್ರಾಯಿಂಗ್ ಪ್ರತಿ ಸಲ ಬೇರೆ, ಪುಸ್ತಕ ನೋಡಿ ಮಾಡುವಂಥದ್ದು ಕಡಿಮೆ.

ಜಿಎಂ ಸಂಬಳಕ್ಕೆ ಅಂತ ತೆಗೆದಿಟ್ಟ ಹಣದಲ್ಲಿ ಮೊದಲು ಒಂದು ರಿಯೋಮೀಟರ್ ನೋಡಿ, ಹಳೆಯದಾದರೂ ಆಗುತ್ತದೆ. ಪ್ರತಿ ಬ್ಯಾಚಿನ ಕಾಂಪೌಂಡ್ ಎಷ್ಟು ಹೊತ್ತಿಗೆ ಬೇಯುತ್ತದೆ ಅಂತ ಗ್ರಾಫ್ ಕೊಡುತ್ತದೆ. ಆದರೆ ಅದು ಚಿಕ್ಕ ತುಂಡಿನ ಸಮಯ, ದಪ್ಪ ಪೀಸಿಗೆ ಅದರ ಮೇಲೆ ಸಮಯ ಸೇರಿಸಲೇಬೇಕು. ಬ್ಯಾಚಿಗೊಂದು ದಪ್ಪ ಪೀಸ್ ಕತ್ತರಿಸಿ. ಒಂದು ಪೀಸ್ ಹೋದರೆ ಹೋಗಲಿ.

ಹುಡುಗಿಯನ್ನು ನಾನು ನನ್ನ ಕೈಕೆಳಗೆ ತೆಗೆದುಕೊಂಡಾಗ ಮನೆಯಲ್ಲಿ ಸುಮ್ನೆ ಆಗಲಿಲ್ಲ. "ಅತ್ತಿಗೆ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಮೈದುನ ಕೇಳಿದ. ವಾರಗಿತ್ತಿ ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ನಿಮ್ಮಲ್ಲೂ ಇದು ಬರುತ್ತದೆ, ಭಾವ ಇರುವ ಕಡೆ ಇನ್ನೂ ಜಾಸ್ತಿ. ಅವರಿಗೆ ಕೂರಿಸಿ ಹೇಳಿ, ಕತ್ತರಿಸಿದ ಪೀಸ್ ಕೈಗೆ ಕೊಟ್ಟು ಹೇಳಿ. ನಾನು ಹಾಗೆ ಮಾಡಿದ ಮೇಲೆಯೇ ಮೈದುನ ತಣ್ಣಗಾದ. ಹೋದ ತಿಂಗಳು ರಾತ್ರಿ ಪಾಳಿಯಲ್ಲಿ ಐದನೇ ಪ್ರೆಸ್ಸಿನ ಹೀಟರ್ ಕೈಕೊಟ್ಟು ಶಾಖ ಇಳಿದಿತ್ತು. ಅವಳು ನಿಲ್ಲಿಸಿದಳು. ಮೈದುನ ನನಗೆ ಫೋನ್ ಮಾಡಲಿಲ್ಲ. ಎಲೆಕ್ಟ್ರಿಷಿಯನ್‌ಗೆ ಮಾಡಿದ.